ಪೋಷಕರ ಗ್ರೂಪಿಗೆ ಹೋದ ವಾಯ್ಸ್ ಮೆಸೇಜು

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮುಗಿಸೋದಿಲ್ಲ ಅಂತ ಹೇಳಿದವರು ನಮ್ಮ ದೊಡ್ಡಪ್ಪ. ಕದ್ದುಮುಚ್ಚಿ ಹೇಳಲಿಲ್ಲ. ಮಧುರೆ ಹೋಬಳಿಯ ನಮ್ಮೂರಿನ ಹಾಲಿನ ಡೈರಿ ಮುಂದೆ, ಬೆಳಗಿನ ಹಾಲು ಹಾಕೋಕೆ ಕ್ಯಾನು ಹಿಡಿದು ನಿಂತಿದ್ದ ಅರ್ಧ ಊರಿನ ಎದುರಿಗೆ ಹೇಳಿದರು. ನಾನು ಸೆಕೆಂಡ್ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ತೆಗೆದ ವಾರ ಅದು. ಮಗಳನ್ನ ಮುಂದೆ ಏನು ಓದಿಸ್ತೀರಾ ಅಂತ ಡೈರಿ ಸೆಕ್ರೆಟರಿ ಅಪ್ಪನನ್ನು ಕೇಳಿದರು. ಅಪ್ಪ ಬಾಯಿ ತೆರೆಯೋದರೊಳಗೆ ದೊಡ್ಡಪ್ಪ ಉತ್ತರ ಕೊಟ್ಟಾಗಿತ್ತು.

"ಏನ್ ಓದ್ಸೋದು ಬಿಡಪ್ಪ. ನಮ್ಮನೆ ತಲೆಗೆ ಪಿಯುಸಿ ದಾಟಿ ಹತ್ತಲ್ಲ. ನನ್ನ ಮಗ ಕಾಲೇಜಿಗೆ ಸೇರ್ದ, ಬಿಟ್ಟ, ಇನ್ನೊಂದ್ಸಲ ಸೇರ್ದ, ಆಗ್ಲೂ ಬಿಟ್ಟ. ಗಂಡು ಹುಡುಗನ ಕೈಲೇ ಆಗದ್ದು ಇವಳ ಕೈಲಿ ಆಗ್ತದಾ?"

ಸಾಲಲ್ಲಿದ್ದವರು ನಕ್ಕರು. ಅಪ್ಪನೂ ಸ್ವಲ್ಪ ನಕ್ಕರು, ಅಣ್ಣನ ಮಾತಿಗೆ ನಗದೆ ಇದ್ದರೆ ಚೆನ್ನಾಗಿರಲ್ಲ ಅಂತ. ನಾನು ಕ್ಯಾನಿನ ಮುಚ್ಚಳ ನೋಡ್ತಾ ನಿಂತಿದ್ದೆ.

ಆಗುತ್ತೆ ಅಂದವರು ಒಬ್ಬರೇ, ಆಮೇಲೆ ನಮಗೆ ಕಾಮರ್ಸ್ ಸಾರ್ ಆದವರು. ದೊಡ್ಡಬಳ್ಳಾಪುರದ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ರಿಸಲ್ಟ್ ಬಂದ ಮೇಲೆ ಅಂಥ ಕಾಲೇಜುಗಳ ಮೇಷ್ಟ್ರುಗಳು ಅಡ್ಮಿಷನ್ ಹುಡುಕಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಾರೆ. ಹಾಗೆ ಬೈಕಿನಲ್ಲಿ ಬಂದವರು ನಮ್ಮ ಜಗಲಿ ಮೇಲೆ ಕೂತು, ಅಮ್ಮ ಬಡಿಸಿದ ಮುದ್ದೆ, ಹುರುಳಿಕಾಳು ಸಾರನ್ನ ಸಂಕೋಚವಿಲ್ಲದೆ ಉಂಡರು. ಕೈ ತೊಳೆದುಕೊಂಡು ಬಂದು ನೇರ ದೊಡ್ಡಪ್ಪನ ಎದುರಿಗೇ ಕೂತು ಮಾತಾಡಿದರು.

"ಯಜಮಾನ್ರೇ, ಈ ಹುಡುಗಿ ಜವಾಬ್ದಾರಿ ನಂದು. ಮೂರು ವರ್ಷ ನಂಗೆ ಬಿಡಿ. ಡಿಗ್ರಿ ಕೈಗಿಟ್ಟು ಕಳಿಸ್ತೀನಿ."

ದೊಡ್ಡಪ್ಪನ ಎದುರು ಹಾಗೆ ಮಾತಾಡಿದವರನ್ನ ನಾನು ಅದುವರೆಗೆ ನೋಡಿರಲಿಲ್ಲ. ದೊಡ್ಡಪ್ಪ "ನೋಡಾಣ" ಅಂತ ಎದ್ದು ದನ ಕಟ್ಟೋಕೆ ಹೋದರು. ನಾನು ಬಿಬಿಎ ಸೇರಿದೆ.

ಆಮೇಲಿನ ವರ್ಷಗಳಲ್ಲಿ ಸಾರ್ ನನಗೆ ಮಾಡಿದ್ದನ್ನ ಇಲ್ಲ ಅಂತ ಹೇಳೋಕೆ ನನಗೆ ಇವತ್ತಿಗೂ ಬಾಯಿ ಬರಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಾಕಿಸಿದರು. ಇಂಗ್ಲಿಷಲ್ಲಿ ಎದ್ದು ನಿಂತು ಮಾತಾಡೋಕೆ ನಡುಗುತ್ತಿದ್ದವಳನ್ನ ಸೆಮಿನಾರಿಗೆ ನಿಲ್ಲಿಸಿದರು, ತಪ್ಪು ಮಾಡಿದಾಗ ನಗುವವರನ್ನ ಗದರಿದರು. ಸಂಜೆಯ ಬಸ್ಸು ತಪ್ಪಿದ ದಿನ ಅವರ ಹೆಂಡತಿಯನ್ನ ಕರೆಸಿ ಸ್ಕೂಟರಿನಲ್ಲಿ ನನ್ನನ್ನ ಊರ ಹತ್ತಿರದವರೆಗೂ ಬಿಡಿಸಿದರು. ನನ್ನನ್ನ ಹೆಸರು ಹಿಡಿದು ಕೂಗುತ್ತಿರಲಿಲ್ಲ, "ಏನಮ್ಮಾ ಮ್ಯಾನೇಜರ್" ಅನ್ನುತ್ತಿದ್ದರು. ದೊಡ್ಡಪ್ಪ ಮಾತ್ರ ಬದಲಾಗಲಿಲ್ಲ. ಪ್ರತಿ ಸೆಮಿಸ್ಟರ್ ಪಾಸಾದಾಗಲೂ, "ಇನ್ನೂ ಎಷ್ಟು ಬಾಕಿ ಐತೆ?" ಅಂತ ಕೇಳೋರು. ಬಾಕಿ ಇರೋದರಲ್ಲೇ ನಾನು ಬೀಳ್ತೀನಿ ಅನ್ನೋ ಥರ.

ಕೊನೇ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕು. ಯಾವುದಾದರೂ ಕಂಪನಿಯಲ್ಲಿ ಅಧ್ಯಯನ ಮಾಡಿ, ಇಂಥವರು ನಮ್ಮಲ್ಲಿ ಪ್ರಾಜೆಕ್ಟ್ ಮಾಡಿದ್ದಾರೆ ಅಂತ ಆ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಸೀಲ್ ಹಾಕಿಸಿ ತರಬೇಕು. ಅದಿಲ್ಲದಿದ್ದರೆ ವೈವಾಗೆ ಕೂರಿಸಲ್ಲ, ವೈವಾ ಇಲ್ಲದಿದ್ದರೆ ಡಿಗ್ರಿ ಇಲ್ಲ. ಪೇಟೆ ಹುಡುಗರಿಗೆ ಮಾವನೋ ಚಿಕ್ಕಪ್ಪನೋ ಯಾವುದೋ ಕಂಪನಿಯಲ್ಲಿ ಇರುತ್ತಾರೆ. ನಮ್ಮ ಕ್ಲಾಸಿನ ಹೆಚ್ಚಿನವರಿಗೆ ಕಂಪನಿ ಅಂದರೆ ಬೆಳಗ್ಗೆ ಊರ ಮುಂದೆ ಬಂದು ನಿಲ್ಲುವ ಗಾರ್ಮೆಂಟ್ಸಿನ ಬಸ್ಸು, ಅಷ್ಟೇ. ನನಗೆ ಆಗ ನಿದ್ದೆ ಬರುತ್ತಿರಲಿಲ್ಲ. ಇಲ್ಲಿಯವರೆಗೂ ಬಂದು ಒಂದು ಸೀಲಿಗಾಗಿ ದೊಡ್ಡಪ್ಪನ ಮಾತು ನಿಜ ಆಗಿಬಿಡುತ್ತಾ ಅಂತ.

ಸಾರ್ ಅದಕ್ಕೂ ದಾರಿ ಮಾಡಿದರು. ಬಿಸಿನೆಸ್ ರಿಸರ್ಚ್ ಟೂರ್ ಅಂತ ಹೆಸರು. ಮೊದಲನೇ ದಿನ ದೇವನಹಳ್ಳಿ ಕೋಟೆ, ನಲ್ಲೂರಿನ ಹುಣಸೆ ತೋಪು, ಮಧ್ಯಾಹ್ನ ಮೊಬೈಲ್ ಫೋನ್ ಜೋಡಿಸುವ ಒಂದು ದೊಡ್ಡ ಫ್ಯಾಕ್ಟರಿ, ಅಲ್ಲೇ ವಾಸ್ತವ್ಯ. ಎರಡನೇ ದಿನ ನಂದಿ ಬೆಟ್ಟ, ಏರ್‌ಪೋರ್ಟ್ ರಸ್ತೆಯಲ್ಲಿ ಮೊಬೈಲ್ ಆ್ಯಪ್ ಮಾಡುವ ಕಂಪನಿ, ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯಲ್ಲಿ ಚಾರ್ಜರ್ ಮಾಡುವ ಒಂದು ಸಣ್ಣ ಘಟಕ. ಪ್ರಾಜೆಕ್ಟ್ ಸರ್ಟಿಫಿಕೇಟು ಫೋನ್ ಫ್ಯಾಕ್ಟರಿಯವರೇ ಎಲ್ಲರಿಗೂ ಕೊಡುತ್ತಾರೆ ಅಂದರು. ನಾನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಂಡೆ. ಬಿಡಿಭಾಗ ಎಲ್ಲಿಂದ ಬರುತ್ತವೆ, ಹಳ್ಳಿ ಅಂಗಡಿಯಲ್ಲಿ ಕೆಟ್ಟ ಫೋನಿನ ದೂರು ಕಂಪನಿವರೆಗೆ ಹೇಗೆ ಮುಟ್ಟುತ್ತದೆ, ಇಂಥವು. ಸಾರ್ ಅವನ್ನ ಓದಿ, ವ್ಯಾಕರಣ ತಿದ್ದಿ, ಕಂಪನಿಯವರು ದಂಗಾಗ್ತಾರೆ ನೋಡು ಅಂದರು.

ಹೊರಡುವ ಮುಂಚೆ ಅಮ್ಮ ಬ್ಯಾಗು ತುಂಬುವುದನ್ನ ನೋಡಿ ನನಗೆ ಸಿಟ್ಟು ಬಂತು. ಒಂದು ರಾತ್ರಿಯ ಪ್ರವಾಸಕ್ಕೆ ದಪ್ಪ ಕಂಬಳಿ, ಸ್ಟೀಲ್ ತಟ್ಟೆ ಲೋಟ, ಮಾವಿನಕಾಯಿ ಉಪ್ಪಿನಕಾಯಿ, ಸೀಲ್ ಒಡೆಯದ ಕೊಬ್ಬರಿ ಎಣ್ಣೆ ಬಾಟಲಿ. ಇದೆಲ್ಲ ಯಾಕೆ, ಮದುವೆ ಮಾಡಿ ಕಳಿಸ್ತಿದ್ದೀಯಾ ಅಂತ ಜಗಳ ಆಡಿದೆ. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡು, ಅಲ್ಲಿ ಚಳಿ ಇರುತ್ತೆ ಇಟ್ಕೋ ಅಂದಳು. ಬಸ್ ಸ್ಟಾಪಿನಲ್ಲಿ ಅತ್ತಳು. ಮೊದಲ ಸಲ ಹೊರಗೆ ಮಲಗ್ತಿದ್ದೀನಲ್ಲ, ಅದಕ್ಕೆ ಅಂದುಕೊಂಡೆ.

ಮೊದಲ ಅರ್ಧ ದಿನ ನನ್ನ ಜೀವನದಲ್ಲೇ ಒಳ್ಳೆಯ ಅರ್ಧ ದಿನ. ಕೋಟೆ ಗೋಡೆ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ನಲ್ಲೂರಿನ ತೋಪಿನಲ್ಲಿ ನಾಲ್ಕು ಜನ ಕೈ ಹಿಡಿದರೂ ತಬ್ಬೋಕಾಗದ ಹುಣಸೆ ಮರಗಳು. ಒಳಗೆ ಪೊಳ್ಳಾಗಿದ್ದರೂ ಮೇಲೆ ಚಿಗುರು. ದೇವನಹಳ್ಳಿ ಹತ್ತಿರದ ವಿಜಯಪುರದಿಂದ ಕಾಲೇಜಿಗೆ ಬರುತ್ತಿದ್ದ ನನ್ನ ಗೆಳತಿ ಮತ್ತು ನಾನು ಒಂದು ಪೊಳ್ಳು ಬೊಡ್ಡೆಯೊಳಗೆ ತೂರಿಕೊಂಡು ಸೆಲ್ಫಿ ತೆಗೆದೆವು. ಸಾರ್ ಎಲ್ಲರಿಗೂ ಎಳನೀರು ಕೊಡಿಸಿದರು. ಗೆಳತಿ ಅವತ್ತು ಯಾಕೋ ಕಡಿಮೆ ಮಾತಾಡಿದಳು. ತಲೆನೋವು ಅಂದಳು.

ಫ್ಯಾಕ್ಟರಿ ಗೇಟಿನಲ್ಲಿ ನಮ್ಮ ಫೋನುಗಳನ್ನೆಲ್ಲ ಇಸಕೊಂಡು ಲಾಕರಿಗೆ ಹಾಕಿದರು. ಫೋನ್ ಮಾಡೋ ಜಾಗದಲ್ಲಿ ಫೋನ್ ತರಂಗಿಲ್ಲ ಅಂತ ನಾವು ನಗಾಡಿದೆವು. ಬಿಳಿ ಕೋಟು, ಕೂದಲು ಮುಚ್ಚೋ ಟೋಪಿ, ಬೇರೆ ಚಪ್ಪಲಿ. ಗಾಜಿನ ಆಚೆ ಉದ್ದಕ್ಕೂ ಹುಡುಗಿಯರು ಕೂತಿದ್ದರು, ಎಲ್ಲರೂ ನಮ್ಮದೇ ವಯಸ್ಸು, ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ನಾನು ಪ್ರಶ್ನೆಗಳ ಹಾಳೆ ಕೈಯಲ್ಲಿ ಹಿಡಿದೇ ಇದ್ದೆ. ಆಮೇಲೆ ಹುಡುಗರನ್ನ ಒಂದು ಹಾಲಿಗೆ, ಹುಡುಗಿಯರನ್ನ ಇನ್ನೊಂದು ರೂಮಿಗೆ ಕರೆದುಕೊಂಡು ಹೋದರು. ಹುಡುಗರಿಗೆ ಪರದೆ ಮೇಲೆ ಕಂಪನಿಯ ಬಗ್ಗೆ ತೋರಿಸುತ್ತಾರೆ, ನಿಮಗೆ ಪ್ರಾಕ್ಟಿಕಲ್ ಅಂದರು ಸಾರ್.

ರೂಮಿನಲ್ಲಿ ಗೋಡೆಗೆ ಎತ್ತರದ ಗುರುತು ಹಾಕಿತ್ತು. ಒಬ್ಬೊಬ್ಬರನ್ನೇ ನಿಲ್ಲಿಸಿದರು. ಬಣ್ಣಬಣ್ಣದ ಚುಕ್ಕಿ ತೋರಿಸಿ ಕಣ್ಣು ಪರೀಕ್ಷೆ ಮಾಡಿದರು. ಆಮೇಲೆ ಚಿಮಟ ಕೊಟ್ಟು, ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂಗಳನ್ನ ಒಂದು ತಟ್ಟೆಯಿಂದ ಎತ್ತಿ ಇನ್ನೊಂದರ ತೂತುಗಳಲ್ಲಿ ಇಡಬೇಕು, ನೆಟ್ಟಗೆ ನಿಲ್ಲಬೇಕು. ಎಚ್‌ಆರ್ ಮೇಡಂ ಗಡಿಯಾರ ಹಿಡಿದಿದ್ದರು. ಚಿಕ್ಕಂದಿನಿಂದ ಶಾಲೆಗೆ ಹೋಗೋ ಮುಂಚೆ ಅಮ್ಮನ ಜೊತೆ ಕೂತು ಕನಕಾಂಬರ ಕಟ್ಟಿದವಳು ನಾನು. ಬೆರಳು ತಾನಾಗೇ ಓಡಿತು. ಎಲ್ಲರಿಗಿಂತ ಮೊದಲು ಮುಗಿಸಿದೆ. ಮೇಡಂ ಚಪ್ಪಾಳೆ ತಟ್ಟಿದರು. ಒಳಗೆ ಫೋನ್ ತರೋಕೆ ಸಾರ್‌ಗೆ ಮಾತ್ರ ಒಪ್ಪಿಗೆ ಇತ್ತು, ಅವರು ಫೋಟೋ ತೆಗೆದರು. ಬಿಳಿ ಟೋಪಿಯಲ್ಲಿ, ಚಿಮಟ ಹಿಡಿದು ನಾನು ಬಾಯ್ತುಂಬ ನಕ್ಕಿದ್ದೀನಿ. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ, ನಮ್ಮ ಕಾಲೇಜಿನ ಮರ್ಯಾದೆ ಉಳಿಸಿದೆ ಅಂತ.

ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಮೇಡಂ ನನ್ನ ಪಕ್ಕ ಬಂದು ಕೂತರು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ತಂದಿದ್ದೀಯಲ್ಲ ಅಂತ ಕೇಳಿದರು. ಗೇಟ್ ಪಾಸಿಗೆ ಬೇಕು ಅಂತ ಸಾರ್ ತರಿಸಿದ್ದರು, ತಂದಿದ್ದೆ. ಡಿಗ್ರಿಯ ಸೆಮಿಸ್ಟರ್ ಅಂಕಪಟ್ಟಿಗಳನ್ನೂ ತಂದಿದ್ದೀನಿ ಮೇಡಂ ಅಂತ ಹೆಮ್ಮೆಯಿಂದ ಅಂದೆ.

"ಅಯ್ಯೋ, ಅದನ್ನ ತೋರಿಸ್ಬೇಡಮ್ಮ," ಅಂದರು ಅವರು, ನನ್ನ ಒಳ್ಳೇದಕ್ಕೇ ಹೇಳೋ ದನಿಯಲ್ಲಿ. "ಫೋನ್ ಜೋಡಿಸೋ ಲೈನಿಗೆ ನಾವು ಪಿಯುಸಿ ಅಷ್ಟೇ ತಗೊಳ್ಳೋದು. ಡಿಗ್ರಿಯವರು ನಿಲ್ಲಲ್ಲ. ಪಿಯುಸಿ ಅಂತಲೇ ಬರಿ."

ಯಾವುದಕ್ಕೆ ಬರೆಯೋದು ಅಂತ ಕೇಳಿದೆ. ಅವರು ನನ್ನನ್ನ ಒಂದು ಥರ ನೋಡಿದರು. ನಾಳೆ ಬೆಳಗ್ಗೆ ಜಾಯ್ನಿಂಗ್ ಅಲ್ವಾ ಅಂದರು. ಬ್ಯಾಗುಗಳು ಆಗಲೇ ಕೆಲಸದ ಹುಡುಗಿಯರ ಹಾಸ್ಟೆಲ್ಲಿಗೆ ಹೋಗಿವೆ ಅಂತಲೂ ಹೇಳಿದರು.

ನಾನು ಓಡಿಹೋಗಿ ನೋಡಿದೆ. ಫ್ಯಾಕ್ಟರಿ ಹಿಂದೆ ಉದ್ದನೆಯ ಕಟ್ಟಡ. ರೂಮಿನಲ್ಲಿ ಮೇಲೆ ಕೆಳಗೆ ಕಬ್ಬಿಣದ ಮಂಚಗಳು. ಪ್ರತಿ ಮಂಚದ ಮೇಲೂ ನಮ್ಮ ಒಬ್ಬೊಬ್ಬರ ಬ್ಯಾಗು ಇಟ್ಟಿತ್ತು. ನನ್ನದು ಕಿಟಕಿ ಪಕ್ಕದಲ್ಲಿತ್ತು, ಜಿಪ್ಪಿನಿಂದ ಕಂಬಳಿಯ ಅಂಚು ಹೊರಗೆ ಬಂದಿತ್ತು. ಆಗ ಅರ್ಥವಾಯಿತು, ಅಮ್ಮನಿಗೆ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಸಾರ್ ಆಫೀಸಿನ ಮುಂದೆ ಕಾಫಿ ಕುಡಿಯುತ್ತಾ ನಿಂತಿದ್ದರು. ಕೇಳಿದೆ. ಅವರು ಗಾಬರಿ ಆಗಲಿಲ್ಲ, ಅದೇ ನನಗೆ ಹೆಚ್ಚು ನೋವು. ಒಳ್ಳೆಯ ಕಂಪನಿ, ಊಟ ವಸತಿ ಇದೆ, ಸೇರಿದವರಿಗೆ ಪ್ರಾಜೆಕ್ಟ್ ಸರ್ಟಿಫಿಕೇಟ್ ಕೊಡ್ತಾರೆ, ಪರೀಕ್ಷೆಗೆ ರಜ ಹಾಕಿ ಬಂದು ಬರೆದರಾಯಿತು ಅಂತ ಪಾಠ ಹೇಳೋ ಹಾಗೇ ಹೇಳಿದರು. ಮೊದಲ ಮೂರು ತಿಂಗಳು ರಜ ಇಲ್ಲ ಅಂತ ಕ್ಯಾಂಟೀನಿನ ಗೋಡೆ ಮೇಲೇ ಬರೆದು ಹಾಕಿದ್ದನ್ನ ನಾನು ಓದಿದ್ದೆ. ನಮ್ಮ ಪರೀಕ್ಷೆ ಅಷ್ಟರೊಳಗೇ ಇತ್ತು. ಅದನ್ನ ಹೇಳಿದೆ.

"ಮುಂದಿನ ವರ್ಷ ಬರೀಬಹುದಲ್ಲಮ್ಮ. ಡಿಗ್ರಿ ಎಲ್ಲಿಗೆ ಓಡಿಹೋಗುತ್ತೆ?"

"ಡಿಗ್ರಿ ಕೈಗಿಟ್ಟು ಕಳಿಸ್ತೀನಿ ಅಂದಿದ್ರಲ್ಲ ಸಾರ್."

ಅವರು ಲೋಟ ಕೆಳಗಿಟ್ಟರು. ನಿಮ್ಮ ಮನೆಯವರೇ ಒಪ್ಪಿದ್ದಾರೆ, ಬೇಕಾದರೆ ಕೇಳು ಅಂದು ಒಳಗೆ ಹೋದರು.

ಗೇಟಿನಲ್ಲಿ ಜಗಳ ಆಡಿ ಫೋನ್ ಇಸಕೊಂಡೆ. ಅಮ್ಮನಿಗೆ ಮಾಡಿದೆ. ಸೇರ್ಕೊಂಡ್ಯಾ ಮಗಾ ಅಂತಲೇ ಶುರು ಮಾಡಿದಳು. ಸಾರ್ ಪೋಷಕರ ಗ್ರೂಪಿಗೆ ವಾಯ್ಸ್ ಕಳಿಸಿದ್ದರಂತೆ. ಇದನ್ನ ಹೇಳಬೇಕು. ನಮ್ಮ ಕ್ಲಾಸಿಗೆ ವಾಟ್ಸಾಪಿನಲ್ಲಿ ಎರಡು ಗ್ರೂಪು ಇದ್ದವು. ನಮ್ಮ ಗ್ರೂಪಿನಲ್ಲಿ ಎಲ್ಲ ಇಂಗ್ಲಿಷಿನಲ್ಲಿ ಬರಹ. ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರಿಗೆ ಓದೋಕೆ ಬರದ್ದರಿಂದ ಅವರ ಗ್ರೂಪಿಗೆ ಸಾರ್ ಕನ್ನಡದಲ್ಲಿ ಮಾತಾಡಿಯೇ ಕಳಿಸೋರು. ಫೀಸು, ಮೀಟಿಂಗು, ಹಾಜರಿ. ಆ ಗ್ರೂಪನ್ನ ನಾವ್ಯಾರೂ ತೆಗೆದು ನೋಡುತ್ತಿರಲಿಲ್ಲ. ದೊಡ್ಡವರ ವಿಷಯ ಅಂತ ಬಿಟ್ಟಿದ್ದೆವು.

ಆ ವಾಯ್ಸನ್ನ ನನಗೆ ಕಳಿಸು ಅಂದರೆ ಅಮ್ಮನಿಗೆ ಗೊತ್ತಾಗಲಿಲ್ಲ. ಅಪ್ಪನ ಬಟನ್ ಫೋನಿಗೆ ಮಾಡ್ತೀನಿ, ಅದರ ಬಾಯಿ ಹತ್ತಿರ ಈ ಫೋನ್ ಹಿಡಿದು ಹಾಕು ಅಂದೆ. ಹಾಗೇ ಮಾಡಿದಳು. ಗೇಟಿನ ಹೊರಗೆ, ಲಾರಿಗಳ ಸದ್ದಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ನಿಂತು ನಾನು ನಮ್ಮ ಸಾರ್ ದನಿ ಕೇಳಿದೆ. ಹಟ್ಟಿಯಲ್ಲಿ ಎಮ್ಮೆ ಕೂಗಿದ್ದೂ ಜೊತೆಗೆ ಕೇಳಿಸಿತು.

"ನಮಸ್ಕಾರ. ನಿಮ್ಮ ಹೆಣ್ಣುಮಕ್ಕಳಿಗೆ ಒಳ್ಳೆ ಕಂಪನೀಲಿ ಕೆಲಸ ಆಗ್ತಾ ಇದೆ. ಮಕ್ಕಳು ಎಲ್ಲಾರೂ ಒಪ್ಕೊಂಡಿದ್ದಾರೆ. ಟೂರಿಂದ ಹಾಗೇ ಅಲ್ಲೇ ಉಳ್ಕೋತಾರೆ, ಹಾಸಿಗೆ ಹೊದಿಕೆ ಕಳಿಸಿಕೊಡಿ. ಈ ವಿಷಯ ಮನೇಲಿ ಅವರ ಹತ್ರ ಜಾಸ್ತಿ ಮಾತಾಡ್ಬೇಡಿ. ಪರೀಕ್ಷೆ ಹೊತ್ತು, ಮನಸ್ಸು ಕೆಡುತ್ತೆ."

ಎಷ್ಟು ಚೆನ್ನಾಗಿ ಹೇಳಿದ್ದರು. ನಮ್ಮ ಜಗಲಿ ಮೇಲೆ ಕೂತು ಮಾತಾಡಿದ ದನಿಯೇ. ಅಮ್ಮನಿಗೆ, ನನ್ನ ಒಂದು ಮಾತು ಕೇಳಬಹುದಿತ್ತಲ್ಲಮ್ಮ ಅಂದೆ. ಸಾರೇ ಬೇಡ ಅಂದ್ರಲ್ಲ, ನೀನು ಹೇಳೋಕೆ ಸಂಕೋಚ ಪಟ್ಕೋತಿದ್ದೀಯ ಅನ್ಕೊಂಡೆ ಅಂತ ಅಳೋಕೆ ಶುರು ಮಾಡಿದಳು. ಅವಳನ್ನ ಬೈಯೋಕೂ ಆಗಲಿಲ್ಲ, ಸಮಾಧಾನ ಮಾಡೋಕೂ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಫೋನು ದೊಡ್ಡಪ್ಪನ ಕೈಗೆ ಹೋಯಿತು. ಅವರೂ ಅಲ್ಲೇ ಕೂತು ಕೇಳಿಸಿಕೊಂಡಿದ್ದರು.

"ನೀನು ಒಪ್ಕೊಂಡಿದ್ಯೇನಮ್ಮ?"

"ಇಲ್ಲ ದೊಡ್ಡಪ್ಪ."

"ಹಂಗಾದ್ರೆ ಸುಳ್ಳು," ಅಂದು ಫೋನ್ ಇಟ್ಟರು. ಬಾ ಅನ್ನಲಿಲ್ಲ, ಇರು ಅನ್ನಲಿಲ್ಲ.

ಹಾಸ್ಟೆಲ್ಲಿಗೆ ಹೋಗಿ ವಿಜಯಪುರದ ಗೆಳತಿಗೆ ಎಲ್ಲ ಹೇಳಿದೆ. ನಡಿ, ನಾವಿಬ್ಬರೂ ಎದ್ದು ಹೋಗೋಣ ಅಂದೆ. ಅವಳು ಮಂಚದ ಮೇಲೆ ಕೂತು ತಲೆಗೂದಲು ಬಿಚ್ಚಿ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತು ಕಣೇ. ನಮ್ಮಣ್ಣ ವಾಯ್ಸ್ ಕೇಳಿಸ್ದ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಾಲೇಜಲ್ಲೇ ಗಲಾಟೆ ಮಾಡ್ತಿದ್ದೆ. ಟೂರೇ ನಿಂತೋಗ್ತಿತ್ತು. ಇದು ಬಿಟ್ರೆ ನಮ್ಮನೇಲಿ ಮುಂದಿನ ತಿಂಗಳು ನಂಗೆ ಮದುವೆ. ನಿಂಗೆ ಡಿಗ್ರಿ ಬೇಕು, ನಂಗೆ ಮನೆಯಿಂದ ಆಚೆ ಬರ್ಬೇಕಿತ್ತು."

ಅವಳ ಮಾತಿನಲ್ಲಿ ತಪ್ಪು ಹುಡುಕಿ ನೋಡಿದ್ದೀನಿ, ಸಿಕ್ಕಿಲ್ಲ. ಆದರೆ ಬೆಳಗ್ಗೆ ಆ ಮರದ ಪೊಳ್ಳಿನೊಳಗೆ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋಗೆ ನಕ್ಕಿದ್ದಳಲ್ಲ, ಆಗಲೂ ಗೊತ್ತಿತ್ತು ಅವಳಿಗೆ. ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸೋಕೂ ಆಗಿಲ್ಲ, ತೆಗೆದು ನೋಡೋಕೂ ಆಗಿಲ್ಲ.

ಮಾರನೇ ಬೆಳಗ್ಗೆ, ಮನೆಯವರೇ ಒಪ್ಪಿದ ಮೇಲೆ ಇನ್ನೇನು ಅಂತ ಹುಡುಗಿಯರು ಸಹಿ ಹಾಕೋಕೆ ಸಾಲು ನಿಂತರು. ನಾನು ಬ್ಯಾಗು ಹೊತ್ತುಕೊಂಡು ಬಸ್ಸಿನ ಬಾಗಿಲಲ್ಲಿ ನಿಂತೆ. ಬಸ್ಸು ಹುಡುಗರನ್ನ ಕರೆದುಕೊಂಡು ನಂದಿ ಬೆಟ್ಟಕ್ಕೆ ಹೊರಟಿತ್ತು. ಟೂರಿಗೆ ನಾನೂ ಸೇರಿದ್ದೀನಿ, ನನ್ನನ್ನೂ ಕರಕೊಂಡು ಹೋಗಿ ಅಂದೆ. ಸಾರ್ ಸುತ್ತ ನೋಡಿ, ಸಣ್ಣ ದನಿಯಲ್ಲಿ, ಬರೋದಾದ್ರೆ ಬಾ, ಆಮೇಲೆ ಸರ್ಟಿಫಿಕೇಟ್ ಮಾತ್ರ ನನ್ನ ಕೇಳ್ಬೇಡ ಅಂದರು. ಹತ್ತಿ ಕೂತೆ.

ಬೆಟ್ಟದಲ್ಲಿ ಮಂಜು ಕವಿದಿತ್ತು. ಹುಡುಗರು ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಕುಣಿದರು. ಮಿಕ್ಕ ಹುಡುಗಿಯರೆಲ್ಲ ಎಲ್ಲಿ ಸಾರ್ ಅಂತ ಒಬ್ಬ ಕೇಳಿದ. ಎಲ್ಲಾರೂ ಸೆಲೆಕ್ಟ್ ಆದ್ರು ಅಂದರು ಸಾರ್. ಅದೃಷ್ಟ ಗುರು ಅಂತ ಅವನು ಇನ್ನೊಬ್ಬನಿಗೆ ಹೇಳಿ, ನನ್ನ ಕಡೆ ತಿರುಗಿ ಪಾಪ ಅನ್ನೋ ಥರ ಕೇಳಿದ, "ನೀನು ಸೆಲೆಕ್ಟ್ ಆಗ್ಲಿಲ್ವಾ?" ಎಲ್ಲರಿಗಿಂತ ಮೊದಲು ಸ್ಕ್ರೂ ಮುಗಿಸಿದವಳು ನಾನು. ಸಾರ್ ನನ್ನ ಪಕ್ಕದಲ್ಲೇ ಇದ್ದರು. ಕಡಲೆಕಾಯಿ ಬಿಡಿಸುತ್ತಾ ಕಣಿವೆ ನೋಡುತ್ತಿದ್ದರು.

ಏರ್‌ಪೋರ್ಟ್ ರಸ್ತೆಯ ಆ್ಯಪ್ ಕಂಪನಿ ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿತ್ತು. ನಮ್ಮಷ್ಟೇ ವಯಸ್ಸಿನ ಹಾಗೆ ಕಾಣುವ ಒಬ್ಬರು ಪರದೆ ಮೇಲೆ ಚಿತ್ರ ತೋರಿಸುತ್ತಾ ವಿವರಿಸಿದರು. ಸೆರಗು ಹೊದ್ದ ಒಬ್ಬ ಹೆಂಗಸು ಫೋನನ್ನ ಕಿವಿಗೆ ಹಿಡಿದ ಚಿತ್ರ. ಹಳ್ಳಿಯ ಗ್ರಾಹಕರು ಬರಹ ನಂಬಲ್ಲ, ಗುರುತಿರುವವರ ದನಿ ಕೇಳಿದರೆ ಹಿಂದೆ ಮುಂದೆ ನೋಡದೆ ನಂಬುತ್ತಾರೆ, ಅದಕ್ಕೇ ನಾವು ವಾಯ್ಸ್ ಮೇಲೆ ಕೆಲಸ ಮಾಡ್ತಿದ್ದೀವಿ ಅಂದರು. ನಾನು ಸಾರ್ ಮುಖ ನೋಡಿದೆ. ಅವರು ಹೌದು ಹೌದು ಅಂತ ತಲೆ ಆಡಿಸುತ್ತಿದ್ದರು. ಅವರಿಗೆ ಏನೂ ಅನಿಸಿರಲಿಲ್ಲ. ಅವತ್ತು ನನಗೆ ಅವರ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಭಯ ಆಯಿತು. ಇವರು ಬೇಕಂತ ಕೆಟ್ಟದ್ದು ಮಾಡಿದವರಲ್ಲ, ನಮ್ಮಂಥವರಿಗೆ ಇಷ್ಟು ಸಾಕು ಅಂತ ನಿಜವಾಗಿ ನಂಬಿದವರು.

ಪಿಲ್ಲಗುಂಪೆಯ ಚಾರ್ಜರ್ ಘಟಕಕ್ಕೆ ಬರೋ ಹೊತ್ತಿಗೆ ಎಲ್ಲರಿಗೂ ಸುಸ್ತು. ತಗಡಿನ ಶೆಡ್ಡು, ಒಳಗೆ ಬೆಸುಗೆಯ ಹೊಗೆ ವಾಸನೆ. ಮಾಲೀಕರು ಕೋಲಾರದ ಕಡೆಯವರು, ಅರ್ಧ ತೆಲುಗು ಅರ್ಧ ಕನ್ನಡ. ಬೇಗ ನೋಡಿ ಬೇಗ ಹೋಗಿ ಅನ್ನೋ ಹಾಗೆ ತೋರಿಸಿದರು. ಹುಡುಗರು ಬಸ್ಸು ಹತ್ತಿದ ಮೇಲೆ ನಾನು ಹಿಂದೆ ಉಳಿದು, ಇಲ್ಲಿ ಪ್ರಾಜೆಕ್ಟ್ ಮಾಡಬಹುದಾ ಅಂತ ಮಾಲೀಕರನ್ನ ಕೇಳಿದೆ. ಅವರು ನನ್ನ ಬ್ಯಾಗನ್ನೂ, ಅದರಿಂದ ಇಣುಕುತ್ತಿದ್ದ ಕಂಬಳಿಯನ್ನೂ ನೋಡಿದರು.

"ಏಮಮ್ಮಾ, ಇಲ್ಲೇ ಮಲ್ಗೋಕೆ ಬಂದಿದ್ದೀಯಾ?"

ಇಲ್ಲ, ದಿನಾ ಬಂದು ಹೋಗ್ತೀನಿ, ಮುಗಿದ ಮೇಲೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಸರ್ಟಿಫಿಕೇಟು, ಒಂದು ಸೀಲು ಸಾಕು ಅಂದೆ. ಅವರು ಸ್ವಲ್ಪ ಯೋಚಿಸಿ, ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಚಾರ್ಜರುಗಳನ್ನ ತೋರಿಸಿದರು. ಅಂಗಡಿಗಳಿಂದ ಕೆಟ್ಟಿವೆ ಅಂತ ವಾಪಸ್ ಬಂದವಂತೆ. ಯಾಕೆ ಬರ್ತಿವೆ ಅಂತ ಕಂಡುಹಿಡಿದರೆ ಸೀಲೇನು, ಊಟಾನೂ ಹಾಕ್ತೀನಿ ಅಂದರು.

ಹೋದೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ, ಅಲ್ಲಿಂದ ಹೊಸಕೋಟೆ, ಅಲ್ಲಿಂದ ಆಟೋ. ಒಂದೊಂದನ್ನೂ ಪ್ಲಗ್ಗಿಗೆ ಹಾಕಿ ನೋಡಿದೆ, ಬಂದ ಅಂಗಡಿಗಳಿಗೆ ಫೋನ್ ಮಾಡಿದೆ, ಕೆಲವಕ್ಕೆ ಹೋಗಿಯೂ ಬಂದೆ. ಬಹಳಷ್ಟು ಚಾರ್ಜರು ಕೆಟ್ಟೇ ಇರಲಿಲ್ಲ. ಮಾರಾಟ ಆಗದೆ ಉಳಿದದ್ದನ್ನ ಕೆಟ್ಟಿದೆ ಅಂತ ಅಂಗಡಿಯವರು ವಾಪಸ್ ಕಳಿಸುತ್ತಿದ್ದರು. ಅದನ್ನೇ ಬರೆದೆ. ಮಾಲೀಕರು ಓದಿಸಿಕೊಂಡು ಕೇಳಿ, ತೆಲುಗಿನಲ್ಲಿ ಯಾರನ್ನೋ ಬೈದು, ಲೆಟರ್‌ಹೆಡ್ ಹುಡುಕಿಸಿ ಸೀಲ್ ಒತ್ತಿಕೊಟ್ಟರು.

ಅಷ್ಟರಲ್ಲಿ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರು ಕಾಲೇಜಿನ ಬ್ಯಾನರ್ ಎದ್ದಿತ್ತು. ನಮ್ಮ ಹೆಮ್ಮೆಯ ವಿದ್ಯಾರ್ಥಿನಿಯರಿಗೆ ಪ್ರತಿಷ್ಠಿತ ಮೊಬೈಲ್ ಕಂಪನಿಯಲ್ಲಿ ಉದ್ಯೋಗ, ಅಡ್ಮಿಷನ್ ಆರಂಭವಾಗಿದೆ. ನಡುವೆ ಎಲ್ಲರಿಗಿಂತ ದೊಡ್ಡದಾಗಿ ನನ್ನ ಫೋಟೋ, ಬಿಳಿ ಟೋಪಿ, ಚಿಮಟ, ಬಾಯ್ತುಂಬ ನಗು. ಬಸ್ಸಿನಲ್ಲಿ ಊರಿನವರು, ಕೆಲಸ ಸಿಕ್ತಂತಲ್ಲ ಅಂತ ಕೇಳೋರು. ಇಲ್ಲ ಅಂದರೆ ನಂಬುತ್ತಿರಲಿಲ್ಲ, ಫೋಟೋ ಐತಲ್ಲ ಅನ್ನೋರು. ತಲೆಗಿಷ್ಟು ಅಂತ ಕಂಪನಿಯಿಂದ ಸಾರ್‌ಗೆ ದುಡ್ಡು ಸಿಕ್ಕಿದೆ ಅಂತಲೂ ಜನ ಮಾತಾಡಿಕೊಂಡರು. ನನಗೆ ಗೊತ್ತಿಲ್ಲ, ನಾನು ನೋಡಿಲ್ಲ, ಹಾಗಾಗಿ ಹೇಳಲ್ಲ. ನಾನು ನೋಡಿದ್ದು ಬ್ಯಾನರ್. ತೆಗೀರಿ ಅಂತ ಆಫೀಸಿಗೆ ಹೋಗಿ ಕೇಳಿದೆ. ಹಬ್ಬ ಕಳೆದ ಮೇಲೆ ತೆಗೆಯುತ್ತೇವೆ ಅಂದರು. ಗಾಳಿಗೆ ಹರಿದು ಬೀಳೋವರೆಗೂ ಅಲ್ಲೇ ಇತ್ತು.

ಪರೀಕ್ಷೆ ಹಾಲಿನಲ್ಲಿ ನನ್ನ ಹಿಂದಿನ ಬೆಂಚು ಖಾಲಿ. ಗೆಳತಿಯ ರಿಜಿಸ್ಟರ್ ನಂಬರನ್ನ ಸೀಮೆಸುಣ್ಣದಲ್ಲಿ ಬರೆದಿತ್ತು. ಕೊನೆಯ ದಿನದವರೆಗೂ ಅಲ್ಲಿ ಯಾರೂ ಬಂದು ಕೂರಲಿಲ್ಲ. ಫ್ಯಾಕ್ಟರಿಯಲ್ಲಿ ಉಳಿದ ಯಾರೂ ಬರಲಿಲ್ಲ.

ವೈವಾದ ದಿನ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ನನ್ನ ವರದಿ ತಿರುವಿ ಹಾಕಿ, ಇದು ಚೆನ್ನಾಗಿದೆ, ಈ ಘಟಕವನ್ನ ಹೇಗೆ ಹುಡುಕಿದೆ ಅಂತ ಕೇಳಿದರು. ನಾನು ಬಾಯಿ ತೆರೆಯೋಕೂ ಮುಂಚೆ ಪಕ್ಕದಲ್ಲಿದ್ದ ನಮ್ಮ ಸಾರ್ ಮಾತಾಡಿದರು. ನಾನೇ ಟೂರಿನಲ್ಲಿ ಕರಕೊಂಡು ಹೋಗಿ ಪರಿಚಯ ಮಾಡಿಸಿದ್ದು ಸಾರ್, ನಮ್ಮ ಹಳ್ಳಿ ಮಕ್ಕಳಿಗೆ ನಾವೇ ದಾರಿ ತೋರಿಸ್ಬೇಕಲ್ಲ ಅಂದರು. ನಗುತ್ತಾ ನನ್ನ ಕಡೆ ನೋಡಿದರು, ಅಲ್ವಾ ಮ್ಯಾನೇಜರ್ ಅನ್ನೋ ಹಾಗೆ.

"ಇಲ್ಲ ಸಾರ್. ನಾನೇ ಕೇಳ್ಕೊಂಡೆ," ಅಂತ ಪರೀಕ್ಷಕರಿಗೆ ಹೇಳಿದೆ. ಅವರು ಇಬ್ಬರ ಮುಖವನ್ನೂ ನೋಡಿ ಮುಂದಿನ ಪ್ರಶ್ನೆಗೆ ಹೋದರು. ನಾನು ಪಾಸಾದೆ.

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ. ಡಿಗ್ರಿ ಸರ್ಟಿಫಿಕೇಟ್ ಕೊಡುವ ದಿನ ಪ್ರಾಜೆಕ್ಟಿಗೆ ಗೈಡ್ ಆದವರೇ ತಮ್ಮ ವಿದ್ಯಾರ್ಥಿಗೆ ವೇದಿಕೆ ಮೇಲೆ ಕೊಡಬೇಕು. ನನ್ನ ಗೈಡ್ ಯಾರು ಅಂತ ಹೇಳಬೇಕಾಗಿಲ್ಲ. ಅಪ್ಪನಿಗೆ ಮಗ್ಗದ ಶೆಡ್ಡಿನಲ್ಲಿ ರಜ ಸಿಗಲಿಲ್ಲ, ಅಮ್ಮ ದೊಡ್ಡಪ್ಪನ ಜೊತೆ ಬಂದಿದ್ದಳು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ, ಯಾರದೋ ತಿಥಿಗೆ ಬಂದವರ ಹಾಗೆ ಕೂತಿದ್ದರು. ಸಾರ್ ಮೈಕಿನಲ್ಲಿ ನನ್ನ ಬಗ್ಗೆ ಮಾತಾಡಿದರು. ಈ ಹುಡುಗಿಯ ಮನೆಯಲ್ಲಿ ಯಾರೂ ಓದಿದವರಿಲ್ಲ, ನಾನು ಮನೆಗೆ ಹೋಗಿ ಹಿರಿಯರನ್ನ ಒಪ್ಪಿಸಿ ಕರಕೊಂಡು ಬಂದೆ ಅಂದರು. ಅದು ನಿಜವೇ. ಜನ ಚಪ್ಪಾಳೆ ತಟ್ಟಿದರು. ಫೋಟೋದವನು ಇಬ್ಬರೂ ಈ ಕಡೆ ನೋಡಿ ಅಂದ. ನಾನು ಸರ್ಟಿಫಿಕೇಟ್ ಹಿಡಿದೆ, ಸಾರ್ ಇನ್ನೂ ಬಿಟ್ಟಿರಲಿಲ್ಲ. ಫೋಟೋ ಆಗೋವರೆಗೂ ಇಬ್ಬರೂ ಅದರ ಒಂದೊಂದು ತುದಿ ಹಿಡಿದುಕೊಂಡು ನಿಂತಿದ್ದೆವು.

ಕೆಳಗಿಳಿದು ಬಂದು ಅದನ್ನ ದೊಡ್ಡಪ್ಪನ ಕೈಗೆ ಕೊಟ್ಟೆ. ಮೊದಲು ಅವರಿಗೇ ಕೊಡಬೇಕು ಅಂತ ಡೈರಿ ಮುಂದೆ ನಿಂತ ದಿನದಿಂದ ಅಂದುಕೊಂಡಿದ್ದೆ, ಏನೇನೋ ಹೇಳಬೇಕು ಅಂತಲೂ ಇತ್ತು. ಅವರು ಪಂಚೆಯ ಅಂಚಿಗೆ ಕೈ ಒರೆಸಿಕೊಂಡು ಇಸಕೊಂಡರು. ಕಣ್ಣಿನಿಂದ ದೂರ ಹಿಡಿದು, ಸೀಲನ್ನ, ನನ್ನ ಹೆಸರನ್ನ, ಹೆಸರಿನ ಕೆಳಗಿನ ಗೆರೆಗಳನ್ನ ತುಂಬಾ ಹೊತ್ತು ನೋಡಿದರು. ಆಮೇಲೆ ವೇದಿಕೆ ಕಡೆ ನೋಡಿದರು. ಅಲ್ಲಿ ಸಾರ್ ಇನ್ನೊಬ್ಬ ಹುಡುಗನ ಜೊತೆ ಫೋಟೋಗೆ ನಿಂತಿದ್ದರು.

"ಓದಿದ್ದು ನೀನು," ಅಂದರು ದೊಡ್ಡಪ್ಪ. "ಅವನ ಕೈಯಿಂದ ಯಾಕಮ್ಮ ಇಸ್ಕೊಂಡೆ?"